ಮಿಲ್ಟ್ರಿ ಯಜಮಾನ್ರ ಅಂಗಡಿ

ಶಿಷ್ಯ: ಅಕ್ಕ, ಪೇಪರ್‌ನವರು ಮತ್ತೆ ಫೋನ್ ಮಾಡಿದ್ರು. ನಾಳೆ ಸಾಯಂಕಾಲದೊಳಗೆ ಮ್ಯಾಟರ್ ಕೊಡಬೇಕಂತೆ. ಯಜಮಾನ್ರ ಫೋಟೊ ಕೊಟ್ಟಿದೀವಿ, ಹೆಸರು ಕೊಟ್ಟಿದೀವಿ. ‘ಪ್ರಥಮ ವರ್ಷದ ಪುಣ್ಯಸ್ಮರಣೆ’ ಅಂತ ಅವರೇ ಹಾಕ್ಕೋತಾರೆ. ಹೆಸರಿನ ಕೆಳಗೆ ಏನು ಬರೀಬೇಕು ಅಂತ ಕೇಳ್ತಾವ್ರೆ.

ಮಗಳು: ‘ಮಾಜಿ ಸೈನಿಕರು’ ಅಂತ ಹಾಕ್ಸು. ಇನ್ನೇನಿದೆ?

ಶಿಷ್ಯ: ಅಷ್ಟೇನಾ?

ಮಗಳು: ತಿಥಿ ಕಾರ್ಡಿಗೂ ಅದೇ ಹಾಕಿದ್ವಲ್ಲ. ಸರ್ಕಲ್ಲಲ್ಲಿ ಹುಡುಗರು ಕಟ್ಟಿದ್ದ ಫ್ಲೆಕ್ಸಲ್ಲೂ ಅದೇ ಇತ್ತು. ಹಿಂದೆ ಬಾವುಟ, ಈ ಕಡೆ ಟ್ಯಾಂಕು, ಆ ಕಡೆ ವಿಮಾನ. ಅಪ್ಪ ಜೀವಮಾನದಲ್ಲಿ ವಿಮಾನ ಹತ್ತಿದೋರಲ್ಲ ಕಣೋ.

ಶಿಷ್ಯ: ಅದಕ್ಕೇ ಹೇಳ್ತಿರೋದು. ಮಿಲ್ಟ್ರೀಲಿ ಇದ್ದದ್ದು ಹದಿನೇಳು ವರ್ಷ. ಮೋಟ್ರು ಸುತ್ತೋ ಅಂಗಡೀಲಿ ಕೂತದ್ದು ನಲವತ್ತು ವರ್ಷದ ಮೇಲೆ. ಹದಿನೇಳಕ್ಕೆ ಹೆಸರು, ನಲವತ್ತಕ್ಕೆ ಒಂದು ಅಕ್ಷರಾನೂ ಇಲ್ವಾ?

ಮಗಳು: ಅಂಗಡಿ ಎಲ್ಲರೂ ಇಡ್ತಾರೆ. ಸೈನ್ಯಕ್ಕೆ ಎಲ್ಲರೂ ಹೋಗಲ್ಲ. ನಮ್ಮ ಸೀಮೆಯಿಂದಂತೂ ಹೋದೋರೇ ಕಮ್ಮಿ. ಕೊಡಗಾದ್ರೆ ಬೇರೆ ಮಾತು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು. ಮಡಿಕೇರಿಯಲ್ಲಿ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ. 2021ರಲ್ಲಿ ರಾಷ್ಟ್ರಪತಿಗಳೇ ಬಂದು ಬಾಗಿಲು ತೆಗೆದು ಹೋದ್ರು. ಶಾಲೆಯಿಂದ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಬಸ್ಸಲ್ಲಿ ಬರ್ತಾ ಒಬ್ಬ ಹುಡುಗ ಕೇಳ್ದ: ‘ಮಿಸ್, ನರಸೀಪುರದಿಂದ ಯಾರೂ ಯುದ್ಧಕ್ಕೆ ಹೋಗಿಲ್ವಾ?’ ಅಂತ.

ಶಿಷ್ಯ: ಮೈಸೂರಿನ ದಂಡೂ ಇತ್ತಲ್ಲಕ್ಕ. ಯಜಮಾನ್ರು ಯಾವಾಗಲೋ ಹೈಫಾ ಅಂತ ಏನೋ ಹೇಳ್ತಿದ್ರು.

ಮಗಳು: ಇತ್ತು. ಮೈಸೂರು ಲ್ಯಾನ್ಸರ್ಸ್. ನಾಲ್ವಡಿಯವರ ಕಾಲ. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಹಿಡಿದ್ರು. ಎದುರಿಗೆ ತುರ್ಕರ ಮೆಷಿನ್ ಗನ್ನು. ಇವರು ಕುದುರೆ ಮೇಲೆ, ಕೈಯಲ್ಲಿ ಈಟಿ. ದೆಹಲಿಯ ತೀನ್ ಮೂರ್ತಿ ಅಂತಾರಲ್ಲ, ಅಲ್ಲಿ ನಿಂತಿರೋ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಈ ಮೂರು ಸಂಸ್ಥಾನದ ಸವಾರರವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕ ಇದೆ, ಸತ್ತೋರ ಹೆಸರು ಕೆತ್ತಿರೋದು. ಸ್ವಾತಂತ್ರ್ಯ ಬಂದ ಮೇಲೆ ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯೊಳಗೆ ಸೇರಿಹೋಯ್ತು, ಮೈಸೂರು ಇನ್‌ಫೆಂಟ್ರಿ 18ನೇ ಮದ್ರಾಸ್ ಆಯ್ತು.

ಶಿಷ್ಯ: ಸತ್ತೋರ ಹೆಸರು ಕಲ್ಲಲ್ಲಿದೆ, ಸರಿ. ಬದುಕಿ ಊರಿಗೆ ಬಂದೋರು ಏನಾದ್ರು? ಯಾರೋ ಒಬ್ಬ ಲಾಳ ಕಟ್ಟೋ ಅಂಗಡಿ ಇಟ್ಟಿರ್ತಾನೆ. ಇನ್ನೊಬ್ಬ ಜಟಕಾ ಓಡಿಸಿರ್ತಾನೆ. ಅದನ್ನ ಯಾರಾದ್ರೂ ಬರ್ಕೊಂಡವ್ರಾ?

ಮಗಳು: ವಾದಕ್ಕೇ ಬಂದಿದೀಯಾ ಇವತ್ತು. ಕಾಫಿ ಕುಡಿ ಮೊದಲು.

ಶಿಷ್ಯ: ವಾದ ಅಲ್ಲ. ಯಜಮಾನ್ರೇ ಮಿಲ್ಟ್ರಿ ಕಥೆ ಅಂತ ಹೇಳಿದ್ದು ಎಷ್ಟು? ನನಗಂತೂ ನಾಲ್ಕು ಮಾತು ಹೇಳಿರಬಹುದು. ನಿಮಗೆ ಜಾಸ್ತಿ ಹೇಳಿದ್ರಾ?

ಮಗಳು: ಇಲ್ಲ. ನನಗೆ ಗೊತ್ತಿರೋದರಲ್ಲಿ ಅರ್ಧ ಅಮ್ಮ ಹೇಳಿದ್ದು. 1962ರಲ್ಲಿ ಚೀನಾ ಯುದ್ಧ ಆಯ್ತಲ್ಲ, ಮರುವರ್ಷ ಸೈನ್ಯಕ್ಕೆ ಜನ ತಗೋತಿದ್ರು. ಅಪ್ಪನಿಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಆಗಿತ್ತು, ಜಮೀನು ಅಣ್ಣತಮ್ಮಂದಿರಿಗೇ ಸಾಲ್ತಿರಲಿಲ್ಲ. ಭರ್ತಿಯಾಗಿ ಹೋದ್ರು. ಹಾಕಿದ್ದು ಇ.ಎಂ.ಇ.ಗೆ. ಲಾರಿ, ಜೀಪು, ಜನರೇಟರು, ಏನೇನು ಕೆಡುತ್ತೋ ಅದನ್ನೆಲ್ಲ ರಿಪೇರಿ ಮಾಡೋ ದಳ. ಟ್ರೇನಿಂಗು ಸಿಕಂದರಾಬಾದಿನಲ್ಲಿ. ಅಲ್ಲಿ ಯಾವೂರು ಅಂತ ಕೇಳಿದ್ರೆ ನಂಜನಗೂಡು ಅಂತಿದ್ರಂತೆ.

ಶಿಷ್ಯ: ಅವರ ಊರು ನರಸೀಪುರ ತಾಲ್ಲೂಕಲ್ವಾ?

ಮಗಳು: ಹೌದು. ಹುಟ್ಟಿದ್ದೂ ಇಲ್ಲೇ, ಮದುವೆಯಾದದ್ದೂ ಇಲ್ಲೇ. ಆದ್ರೆ ತಿರುಮಕೂಡಲು ಅಂದ್ರೆ ಅಲ್ಲಿ ಯಾರಿಗೆ ಗೊತ್ತು? ನಂಜನಗೂಡು ಅಂದ್ರೆ ಧಾರವಾಡದ ಹುಡುಗನಿಗೂ ಗೊತ್ತು, ಹಲ್ಲುಪುಡಿ ಊರು ಅಂತ. ರಜಕ್ಕೆ ಬಂದು ಹೋಗುವಾಗೆಲ್ಲ ಟ್ರಂಕಲ್ಲಿ ಪೊಟ್ಟಣ ತುಂಬ್ಕೊಂಡು ಹೋಗ್ತಿದ್ರಂತೆ, ಬ್ಯಾರಕ್ಕಿನ ಕನ್ನಡದೋರಿಗೆಲ್ಲ.

ಶಿಷ್ಯ: ಬಿ.ವಿ. ಪಂಡಿತರ ಪುಣ್ಯ. 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ್ದು. ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ, ಇವು ಮೂರು ಇಲ್ದಿದ್ರೆ ನಮ್ಮೂರ ಹೆಸರು ಹೇಳೋರು ಯಾರು? ರಸಬಾಳೆ ಬೇರೆ ಸೊರಗು ರೋಗ ಬಂದು ಅಪರೂಪ ಆಗೋಯ್ತು. ಅದಿರಲಿ, ಎಪ್ಪತ್ತೊಂದರ ಯುದ್ಧದಲ್ಲಿ ಎಲ್ಲಿದ್ರು?

ಮಗಳು: ಪಠಾಣ್‌ಕೋಟ್ ಕಡೆ ಒಂದು ವರ್ಕ್‌ಶಾಪಲ್ಲಿ. ಡಿಸೆಂಬರ್ 3ರ ಸಾಯಂಕಾಲ ಅಲ್ಲಿನ ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿತ್ತಲ್ಲ, ಅವತ್ತು ಆರಿಸಿದ ದೀಪ 17ನೇ ತಾರೀಖಿನವರೆಗೂ ಹಚ್ಚಲಿಲ್ಲವಂತೆ. ಢಾಕಾದಲ್ಲಿ 16ಕ್ಕೇ ಶರಣಾಗತಿ ಆಯ್ತು. ಪಶ್ಚಿಮದ ಕಡೆ ಗುಂಡು ನಿಂತದ್ದು ಮಾರನೆ ರಾತ್ರಿ. ಅಷ್ಟು ದಿನಾನೂ ಕಂಬಳಿ ಮರೆ ಮಾಡ್ಕೊಂಡು, ಟಾರ್ಚ್ ಹಿಡ್ಕೊಂಡು, ಲಾರಿಗಳ ಡೈನಮೊ, ಸೆಲ್ಫ್ ಮೋಟರ್ ಬಿಚ್ಚಿ ಸುತ್ತಿ ಕಟ್ತಿದ್ರು. ನಾನು ಚಿಕ್ಕವಳಿದ್ದಾಗ ‘ಅಪ್ಪ, ನೀವು ಗುಂಡು ಹಾರಿಸಿದ್ರಾ?’ ಅಂತ ಕೇಳಿದ್ರೆ, ‘ಹೂಂ, ಟ್ರೇನಿಂಗಲ್ಲಿ’ ಅಂತಿದ್ರು.

ಶಿಷ್ಯ: ನಿಮ್ಮ ಶಾಲೆಗೆ ಆಗಸ್ಟ್ 15ಕ್ಕೆ ಕರೆಸಿದ್ರಲ್ಲ ಒಂದ್ಸಲ?

ಮಗಳು: ಅಯ್ಯೋ, ಅದನ್ನ ಯಾಕೆ ಕೇಳ್ತೀಯ. ಎರಡು ಮೆಡಲ್ ಹಾಕ್ಕೊಂಡು ಬಂದ್ರು, ಪಶ್ಚಿಮಿ ಸ್ಟಾರು, ಸಂಗ್ರಾಮ್ ಮೆಡಲ್ಲು. ನಮ್ಮ ಹೆಡ್‌ಮಾಸ್ಟರು ‘ಶತ್ರುಗಳ ಎದೆ ನಡುಗಿಸಿದ ವೀರಯೋಧರು’ ಅಂತ ಪರಿಚಯ ಮಾಡ್ಕೊಟ್ರು. ಅಪ್ಪ ಮೈಕ್ ಹಿಡ್ಕೊಂಡು, ‘ಈ ಮೆಡಲ್ಲು ಆ ಯುದ್ಧದಲ್ಲಿ ಆ ಕಡೆ ಇದ್ದ ಎಲ್ಲರಿಗೂ ಕೊಟ್ಟವ್ರೆ. ಅಡುಗೆಯವನಿಗೂ ಕೊಟ್ಟವ್ರೆ. ಕೊಡಬೇಕಾದ್ದೇ’ ಅಂದುಬಿಟ್ರು. ಆಮೇಲೆ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಬಟ್ಟೆ ಒಣಹಾಕೋ ತಂತೀನ ಕರೆಂಟ್ ಕಂಬಕ್ಕೆ ಕಟ್ಟಬೇಡಿ ಅಂತ ಹತ್ತು ನಿಮಿಷ ಹೇಳಿ ಕೂತ್ರು. ಮಕ್ಕಳಿಗೆ ನಿರಾಸೆಯೋ ನಿರಾಸೆ.

ಶಿಷ್ಯ: (ನಗುತ್ತಾ) ಸರಿಯಾಗೇ ಹೇಳವ್ರೆ. ನಮ್ಮ ಕಡೆ ಬಟ್ಟೆ ತಂತಿಗೆ ಹೋದ ಜೀವ ಎಷ್ಟು.

ಮಗಳು: ನಾನೂ ಆವತ್ತು ಮುನಿಸ್ಕೊಂಡಿದ್ದೆ. ನಮ್ಮಪ್ಪನ್ನ ನಾಲ್ಕು ಜನರೆದುರಿಗೆ ಮೆರೆಸಬೇಕು ಅಂತ ಕರೆಸಿದ್ರೆ ಹಿಂಗೆ ಮಾಡಿದ್ರಲ್ಲ ಅಂತ. ಈಗ ಯೋಚನೆ ಮಾಡಿದ್ರೆ, ಅವರು ಅವತ್ತು ಸುಳ್ಳು ಹೇಳೋಕೆ ಒಪ್ಪಲಿಲ್ಲ, ಅಷ್ಟೆ.

ಶಿಷ್ಯ: ಎಂಬತ್ತರಲ್ಲಿ ಪೆನ್ಷನ್ ಬಂದ ಮೇಲೆ ಯಾಕೆ ನಂಜನಗೂಡಿಗೆ ಬಂದ್ರು? ಊರಲ್ಲೇ ಇಡಬಹುದಾಗಿತ್ತು ಅಂಗಡೀನ.

ಮಗಳು: ಅದು ಅಪ್ಪನ ಲೆಕ್ಕಾಚಾರ. ನಮ್ಮ ಕಡೆ ಗದ್ದೆಗಳಿಗೆ ಕಾವೇರಿ ನಾಲೆ ನೀರು ತಾನಾಗೇ ಹರಿಯುತ್ತೆ. ಮಾಧವಮಂತ್ರಿ ಕಟ್ಟೆ ಕಾಲದಿಂದ ನಡೆದು ಬಂದದ್ದು. ಮೋಟ್ರು ಯಾರಿಗೆ ಬೇಕು? ನಂಜನಗೂಡಿನ ಆ ಕಡೆ ಹುರ, ಕವಲಂದೆ ಎಲ್ಲ ಒಣಭೂಮಿ, ಬಾವಿ ನೀರು. ಹೊಳೆ ಪಕ್ಕದೋರು ಬೇರೆ ನೀರೆತ್ತೋಕೆ ಪಂಪು ಇಡ್ತಿದ್ರು. ಅಪ್ಪ ರಜಕ್ಕೆ ಬಂದಾಗ ನೋಡಿದ್ರಂತೆ, ಮೋಟ್ರು ಸುಟ್ಟುಹೋದ್ರೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಟಾಪಿಗೆ ಹಾಕ್ಕೊಂಡು ಮೈಸೂರಿಗೆ ಹೊರೋರು. ವಾಪಸ್ ಬರೋದರೊಳಗೆ ಪೈರು ಒಣಗಿರೋದು. ದೊಡ್ಡಪ್ಪ ‘ಯಾವುದಾದ್ರೂ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡ್ಕೊಂಡು ನಿಂತ್ಕೋ, ತಿಂಗಳಾದ್ರೆ ಸಂಬಳ’ ಅಂತ ಬುದ್ಧಿ ಹೇಳಿದ್ರು. ಅಪ್ಪ ಕೇಳಲಿಲ್ಲ. ಪೆನ್ಷನ್ನಿನ ಒಂದು ಭಾಗ ಮುಂಗಡವಾಗಿ ತಗೊಂಡು, ಗ್ರಾಚುಯಿಟಿ ಸೇರಿಸಿ ಅಂಗಡಿ ಇಟ್ರು.

ಶಿಷ್ಯ: ನಾನು ಬಂದಾಗ ಅಂಗಡಿಗೆ ಆರು ವರ್ಷ. ಏಳನೇ ಕ್ಲಾಸು ಫೇಲಾಗಿತ್ತು. ನಮ್ಮಪ್ಪ ಕೈ ಹಿಡ್ಕೊಂಡು ತಂದು ‘ಮಿಲ್ಟ್ರಿಯವರೇ, ಇವನನ್ನ ಇಟ್ಕೊಳಿ, ಹೊಡೀರಿ, ಬಡೀರಿ, ಒಂದು ಕೆಲಸ ಕಲಿಸಿ’ ಅಂತ ಬಿಟ್ಟೋದ. ಇವತ್ತಾಗಿದ್ರೆ ಲೇಬರ್ ಇನ್‌ಸ್ಪೆಕ್ಟರು ಬರೋರು. ಮೊದಲನೇ ದಿನ ಏನು ಕೆಲಸ ಕೊಟ್ರು ಗೊತ್ತಾ? ಸುಟ್ಟ ಕಾಯಿಲ್ ಕೊಟ್ಟು ‘ಎಣಿಸು’ ಅಂದ್ರು. ಎಣಿಸಿ ಹೇಳಿದೆ. ‘ಇನ್ನೊಂದು ಸಲ’ ಅಂದ್ರು. ಬೇರೆ ಲೆಕ್ಕ ಬಂತು. ‘ಎರಡು ಸಲ ಒಂದೇ ಲೆಕ್ಕ ಬರೋವರೆಗೂ ಊಟಕ್ಕೆ ಏಳಬೇಡ.’

ಮಗಳು: ಕೋಪ ಅಂದ್ರೆ ಕೋಪ.

ಶಿಷ್ಯ: ಕೋಪ ಅಲ್ಲಕ್ಕ, ಅದೇ ಕೆಲಸದ ಬೇರು. ಮೋಟ್ರು ಬಂದ ತಕ್ಷಣ ಕವರ್ ಬಿಚ್ತೀವಿ, ರೋಟರ್ ಹೊರಗೆ ಎಳೀತೀವಿ. ಒಳಗೆ ಸುಟ್ಟ ವಾರ್ನಿಷ್ ವಾಸನೆ ಗಪ್ ಅಂತ ಮೂಗಿಗೆ ಹೊಡೀತದೆ. 36 ಸ್ಲಾಟು ಇದ್ರೆ ಅದರಲ್ಲಿ ಯಾವ ಕಾಯಿಲ್ಲು ಎಲ್ಲಿಂದ ಎಲ್ಲಿಗೆ ಹಾರಿದೆ, ಕನೆಕ್ಷನ್ ಹೆಂಗೆ ಕೊಟ್ಟವ್ರೆ, ಮೊದಲು ಬರ್ಕೋಬೇಕು. ಆಮೇಲೆ ಒಂದು ಕಾಯಿಲ್ ಕತ್ತರಿಸಿ ಸುತ್ತು ಎಣಿಸಬೇಕು. ತಂತಿ ಸುಟ್ಟು ಒಂದಕ್ಕೊಂದು ಅಂಟ್ಕೊಂಡಿರ್ತದೆ, ಉಗುರಲ್ಲಿ ಬಿಡಿಸಬೇಕು. ತಂತೀನ ಉಜ್ಜಿ ಗೇಜ್ ನೋಡಬೇಕು. ಒಂದು ಸುತ್ತು ಕಮ್ಮಿಯಾದ್ರೂ ಮೋಟ್ರು ಓಡ್ತದೆ, ರೈತನಿಗೆ ಗೊತ್ತಾಗಲ್ಲ, ಆದ್ರೆ ಬಿಸಿ ಜಾಸ್ತಿ, ಬೇಗ ಸುಟ್ಟೋಗ್ತದೆ. ಸ್ಲಾಟಿಗೆ ಕಾಗದ ಹಾಸಿ, ಹೊಸ ಕಾಯಿಲ್ ಇಳಿಸಿ, ಮೇಲೆ ಬಿದಿರಿನ ಪಟ್ಟಿ ಸೀಳಿ ಬಡೀಬೇಕು. ದಾರ ಕಟ್ಟಿ, ವಾರ್ನಿಷ್ ಹುಯ್ದು ಒಣಗಿಸಬೇಕು. ಪೂರ್ತಿ ಒಣಗದೆ ಕೊಡಬಾರದು. ರೈತ ಬಾಗಿಲಲ್ಲೇ ಕೂತು ‘ಸ್ವಾಮಿ, ಪೈರು ಹೋಯ್ತದೆ’ ಅಂತ ಅತ್ಕೊಂಡ್ರೂ ಯಜಮಾನ್ರು ಕೊಡ್ತಿರಲಿಲ್ಲ. ‘ಇವತ್ತು ಕೊಟ್ರೆ ನಾಡಿದ್ದು ಮತ್ತೆ ತರ್ತೀಯ’ ಅನ್ನೋರು. ಎಷ್ಟೋ ಜನ ಬೈಕೊಂಡು ಹೋಗವ್ರೆ.

ಮಗಳು: ಸಾಯಂಕಾಲ ಆರು ಗಂಟೆಗೆ ಶಟರ್ ಎಳೆದುಬಿಡೋರು. ಅದಕ್ಕೂ ಬೈತಿದ್ರು ಜನ.

ಶಿಷ್ಯ: ಹೂಂ. ಆ ವಿಷಯದಲ್ಲಿ ನಾನೂ ಬೈದಿದೀನಿ, ಮನಸ್ಸಲ್ಲಿ. ಸೀಸನ್ನಲ್ಲಿ ಎಂಟು ಗಂಟೆವರೆಗೂ ಗಿರಾಕಿ ಬರ್ತಾರೆ. ಇವರಿಗೆ ಬ್ಯೂಗಲ್ ಊದಿದಂಗೆ ಆರು ಅಂದ್ರೆ ಆರು. ಎದುರು ಬೀದೀಲಿ ಇನ್ನೊಂದು ಅಂಗಡಿ ಬಂತಲ್ಲ, ಅವನು ರಾತ್ರಿ ಹತ್ತರವರೆಗೂ ತೆಗೆದಿರ್ತಿದ್ದ. ಅರ್ಧ ರೇಟಿಗೆ ಸುತ್ತಿಕೊಡ್ತಿದ್ದ. ಹೆಂಗೆ ಅಂದ್ರೆ, ತಾಮ್ರದ ಬದಲು ಅಲ್ಯುಮಿನಿಯಂ ತಂತಿ. ಮೇಲೆ ವಾರ್ನಿಷ್ ಹುಯ್ದರೆ ಯಾರಿಗೂ ಗೊತ್ತಾಗಲ್ಲ. ಗಿರಾಕಿ ಎಲ್ಲ ಆ ಕಡೆ ತಿರುಗಿದ್ರು. ‘ನಾವೂ ಹಾಕೋಣ ಯಜಮಾನ್ರೇ, ಬೇಕಂದೋರಿಗೆ ಮಾತ್ರ’ ಅಂತ ನಾನೇ ಹೇಳಿದೆ. ‘ಹೇಳಿ ಹಾಕ್ತೀಯಾ, ಹೇಳದೆ ಹಾಕ್ತೀಯಾ?’ ಅಂದ್ರು. ನಾನು ಸುಮ್ಮನಾದೆ. ಆ ಎರಡು ವರ್ಷ ಅಂಗಡಿ ಬಾಡಿಗೇನ ಪೆನ್ಷನ್ ದುಡ್ಡಲ್ಲಿ ಕಟ್ಟಿದ್ರು. ಅದು ನಿಮಗೆ ಗೊತ್ತೋ ಇಲ್ವೋ.

ಮಗಳು: ಗೊತ್ತು. ಆ ಎರಡು ವರ್ಷ ನಮ್ಮ ಮನೇಲಿ ಹಬ್ಬಕ್ಕೆ ಹೊಸ ಬಟ್ಟೆ ಇರಲಿಲ್ಲ.

ಶಿಷ್ಯ: ಹಳೇ ತಾಮ್ರದ ವಿಷಯಾನೂ ಅಷ್ಟೆ. ಸುಟ್ಟ ತಂತಿ ತೂಕಕ್ಕೆ ಹೋಗ್ತದೆ, ಒಳ್ಳೇ ದುಡ್ಡು. ಬಹಳ ಅಂಗಡೀಲಿ ಅದು ಅಂಗಡಿಯವನಿಗೇ ಅನ್ನೋ ಹಾಗೆ ನಡೀತದೆ. ಇವರು ತಕ್ಕಡೀಲಿ ಹಾಕಿ, ರೈತನ ಎದುರಿಗೇ ತೂಗಿ, ಬಿಲ್ಲಲ್ಲಿ ಕಳೀತಿದ್ರು. ಗೋಡೆ ಗೂಡಲ್ಲಿ ಎರಡು ಪುಸ್ತಕ. ಒಂದು ಉದ್ದರಿ ಪುಸ್ತಕ, ಭತ್ತ ಮಾರಿದ ಮೇಲೆ ಕೊಡ್ತೀನಿ ಅಂದೋರದ್ದು. ಇನ್ನೊಂದು ಡೇಟಾ ಪುಸ್ತಕ. ಯಾವ ಕಂಪನಿ ಮೋಟ್ರು, ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಎಷ್ಟು ಸುತ್ತು, ಯಾವ ಗೇಜು, ಎಲ್ಲ ಇಂಗ್ಲಿಷಲ್ಲಿ ದುಂಡಗೆ. ಪಕ್ಕದಲ್ಲಿ ಒಂದು ಕಾಲಂ ಇತ್ತು, ‘ಕಾಸ್’ ಅಂತ. ಯಾಕೆ ಸುಟ್ಟೋಯ್ತು ಅನ್ನೋದು. ಮಿಲ್ಟ್ರಿ ಅಭ್ಯಾಸ ಅಂತೆ. ಅಲ್ಲಿ ಕಾರಣ ಬರೀದೆ ಗಾಡಿ ಹೊರಗೆ ಬಿಡಂಗಿಲ್ಲ.

ಮಗಳು: ಏನೇನು ಕಾರಣ?

ಶಿಷ್ಯ: ಓಹೋ, ಅದೊಂದು ಚರಿತ್ರೆ. ಮೊದಮೊದಲು ‘ಲೋ ವೋಲ್ಟೇಜು’, ‘ಒಂದು ಫೇಸ್ ಹೋಯ್ತು’. ಬಂಗಾರಪ್ಪನವರ ಕಾಲದಲ್ಲಿ 10 ಎಚ್‌ಪಿವರೆಗೆ ಪಂಪ್‌ಸೆಟ್ ಕರೆಂಟು ಪುಕ್ಕಟೆ ಆಯ್ತಲ್ಲ, ಆಮೇಲೆ ಮೋಟ್ರೂ ಜಾಸ್ತಿ, ಸುಡೋದೂ ಜಾಸ್ತಿ. ತ್ರೀ ಫೇಸು ಇಷ್ಟೇ ಗಂಟೆ ಅಂತ ಕೊಡೋಕೆ ಶುರು ಮಾಡಿದ್ರು. ಉಳಿದ ಹೊತ್ತು ಸಿಂಗಲ್ ಫೇಸು. ರೈತ ಬಿಡ್ತಾನಾ? ಕಂಡೆನ್ಸರ್ ಹಾಕಿ ಅದರಲ್ಲೇ ಓಡಿಸ್ದ. ಆಟೋ ಸ್ಟಾರ್ಟರ್ ಬಂತು. ರಾತ್ರಿ ಎರಡಕ್ಕೆ ಕರೆಂಟ್ ಬಂದ್ರೆ ಮೋಟ್ರು ತಾನಾಗೇ ಓಡ್ತದೆ, ಬಾವೀಲಿ ನೀರು ಮುಗಿದ್ರೂ ಓಡ್ತದೆ, ಇವನು ಮನೇಲಿ ಗೊರಕೆ. ಬರಬರ್ತಾ ಬಾವಿ ಹೋಗಿ ಬೋರ್‌ವೆಲ್ ಬಂತು, ಸಬ್‌ಮರ್ಸಿಬಲ್ ಬಂತು. ‘ಡ್ರೈ ರನ್’, ‘ಡ್ರೈ ರನ್’, ಪುಟಗಟ್ಟಲೆ ಅದೇ. ನೀರು ಯಾವ ವರ್ಷ ಎಷ್ಟು ಕೆಳಗೆ ಹೋಯ್ತು ಅಂತ ಆ ಪುಸ್ತಕ ನೋಡಿ ಹೇಳಬಹುದು. 2019ರ ಆಗಸ್ಟಿನದು ಮಾತ್ರ ಬೇರೆ. ಪುಟ ಪೂರ್ತಿ ‘ಫ್ಲಡ್’.

ಮಗಳು: ಆ ವರ್ಷ ನಾನು ಬರೋಕಾಗಲಿಲ್ಲ. ಊಟಿ ರೋಡ್ ಬಂದ್ ಆಗಿತ್ತಲ್ಲ.

ಶಿಷ್ಯ: ಮಲ್ಲನಮೂಲೆ ಮಠದ ಹತ್ತಿರ ರೋಡ್ ಮೇಲೇ ಕಪಿಲೆ. ಹದಿನಾರು ಕಾಲು ಮಂಟಪ ಮುಳುಗೋಗಿತ್ತು. ಹೊಳೆ ಪಕ್ಕದ ಜಮೀನಿನ ಮೋಟ್ರೆಲ್ಲ ಕೆಸರು ಕುಡ್ಕೊಂಡು ಬಂದವು. ಅಂಗಡಿ ಮುಂದೆ, ಚರಂಡಿ ಕಲ್ಲಿನ ಮೇಲೆ, ಸಾಲಾಗಿ. ಯಜಮಾನ್ರಿಗೆ ಆಗಲೇ ಎಪ್ಪತ್ತೈದು. ನೀವು ಮನೇಲಿರಿ ಅಂದ್ರೆ ಕೇಳಲಿಲ್ಲ. ‘ಇವು ಸುಟ್ಟಿಲ್ಲ ಕಣೋ, ಒದ್ದೆಯಾಗವೆ ಅಷ್ಟೆ. ಬಿಚ್ಚಿ ತೊಳೆದು, ಒಳಗೆ ಬಲ್ಬ್ ಉರಿಸಿ ಒಣಗಿಸು. ಸುತ್ತಬೇಡ’ ಅಂದ್ರು. ಬೇರೆ ಕಡೆ ಎಲ್ಲಾನೂ ಹೊಸದಾಗಿ ಸುತ್ತಿ ಬಿಲ್ ಮಾಡ್ತಿದ್ರು. ನಾವು ಒಂದೊಂದು ಮೋಟ್ರಿನೊಳಗೂ ನೂರು ಕ್ಯಾಂಡಲ್ ಬಲ್ಬ್ ಇಟ್ಟು, ಗೋಣಿ ಮುಚ್ಚಿ, ಇನ್ಸುಲೇಷನ್ ಅಳೆಯೋ ಮೆಗ್ಗರ್ ಹಾಕಿ ನೋಡ್ತಾ ಕೂತ್ವಿ. ಬಹಳಷ್ಟು ಉಳಿದವು. ಕೂಲಿ ತಗೋಬೇಡ, ಬೇರಿಂಗು ವಾರ್ನಿಷಿನ ದುಡ್ಡು ಮಾತ್ರ ತಗೋ ಅಂದ್ರು. ಅಕ್ಕ, ನೀವು ಫ್ಲೆಕ್ಸಲ್ಲಿ ಟ್ಯಾಂಕ್ ಹಾಕ್ಸಿದ್ರಲ್ಲ, ನಾನಾಗಿದ್ರೆ ಅಲ್ಲಿ ಆ ಬಲ್ಬು ಹಾಕ್ಸೋನು.

ಮಗಳು: ನಾನು ಹಾಕ್ಸಿದ್ದಲ್ಲ, ಹುಡುಗರು ಹಾಕ್ಸಿದ್ದು ಅಂದೆನಲ್ಲ. ಸರಿ, ನಿನ್ನ ಮಾತು ಒಪ್ಪಿದೆ. ‘ಮಾಜಿ ಸೈನಿಕರು, ಇ.ಎಂ.ಇ.’ ಅಂತ ಒಂದು ಸಾಲು. ಕೆಳಗೆ ‘ಮೋಟರ್ ವೈಂಡಿಂಗ್ ವರ್ಕ್ಸ್ ಮಾಲೀಕರು, ನಂಜನಗೂಡು’ ಅಂತ ಇನ್ನೊಂದು. ಫೋಟೊ ಕೂಡ ಯೂನಿಫಾರ್ಮಿಂದು ಬೇಡ, ಅಂಗಡೀಲಿ ಕನ್ನಡಕ ಮೂಗಿನ ತುದೀಲಿಟ್ಕೊಂಡು ಕೂತಿರೋದು ಕೊಡು. ಆದ್ರೆ ನಿನಗೊಂದು ಮಾತು ಕೇಳ್ತೀನಿ. ಕಾಯಿಲ್ ಸುತ್ತಿದ್ದು ಯಾರು?

ಶಿಷ್ಯ: ನಾನು, ಯಜಮಾನ್ರು... ಹೂಂ. ಅಮ್ಮನವರು.

ಮಗಳು: ಅದನ್ನ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತು ನಿನಗೆ.

ಶಿಷ್ಯ: ಮರೆತಿರಲಿಲ್ಲಕ್ಕ. ಸುತ್ತೋ ಅಚ್ಚು, ತಂತಿ ರೀಲು ದಿನಾ ಸಾಯಂಕಾಲ ಮನೆಗೆ ಹೊತ್ಕೊಂಡು ಹೋಗ್ತಿದ್ದೋನು ನಾನೇ. ಬೆಳಿಗ್ಗೆ ಬಂದ್ರೆ ಕಾಯಿಲೆಲ್ಲ ದಾರ ಕಟ್ಟಿ ತಟ್ಟೇಲಿ ರೆಡಿ ಇರೋವು. ಅಮ್ಮನವರು ಸುತ್ತಿದ್ದು ನೋಡಿದ್ರೇ ಗೊತ್ತಾಗೋದು. ಎಳೆ ಮೇಲೆ ಎಳೆ ಏರ್ತಿರಲಿಲ್ಲ, ಒಂದರ ಪಕ್ಕ ಒಂದು ಕೂತಿರೋದು. ಸ್ಲಾಟಿಗೆ ಹಾಕಿದ್ರೆ ಸರಕ್ ಅಂತ ಇಳೀತಿತ್ತು. ನಾನು ಸುತ್ತಿದ್ದನ್ನ ತುರುಕಬೇಕಾಗಿತ್ತು.

ಮಗಳು: ಆ ಕೈ ಎಲ್ಲಿಂದ ಬಂತು? ಇಲ್ಲಿ ನರಸೀಪುರದ ರೇಷ್ಮೆ ಕಾರ್ಖಾನೆಯಿಂದ. ಅಪ್ಪ ಸೈನ್ಯದಲ್ಲಿದ್ದಷ್ಟು ದಿನ ಅಮ್ಮ ಅಲ್ಲಿ ನೂಲು ತೆಗೆಯೋ ಕೆಲಸ ಮಾಡಿದ್ದು. ಇಲ್ಲಿನ ನೂಲೇ ಮೈಸೂರಿಗೆ ಹೋಗಿ ಮೈಸೂರು ಸಿಲ್ಕ್ ಸೀರೆ ಆಗೋದು. ಕುದಿಯೋ ನೀರಲ್ಲಿ ಗೂಡು ಮುಳುಗಿಸಿ, ಬೆರಳಲ್ಲಿ ಎಳೆಯ ತುದಿ ಹುಡುಕಬೇಕು. ಅಷ್ಟು ಗೂಡಿನ ಎಳೆ ಸೇರಿ ಒಂದು ನೂಲು. ನಡುವೆ ಒಂದು ತುಂಡಾದ್ರೆ, ಚಕ್ರ ತಿರುಗ್ತಿರುವಾಗಲೇ ಇನ್ನೊಂದು ಗೂಡಿನ ಎಳೆ ಎಸೆದು ಕೂಡಿಸಬೇಕು, ನೂಲು ತೆಳ್ಳಗಾಗದ ಹಾಗೆ. ಕಣ್ಣಿಗೆ ಕಾಣದ ಎಳೆ ಅದು. ಅದನ್ನ ಹಿಡಿದ ಕೈಗೆ ತಾಮ್ರದ ತಂತಿ ಯಾವ ಲೆಕ್ಕ? ಅಪ್ಪನ ಮನಿಯಾರ್ಡರು ಬರ್ತಿತ್ತು, ನಿಜ. ಅದು ಅಜ್ಜಿ ಕೈಗೆ ಹೋಗೋದು. ನನ್ನ ಸ್ಲೇಟು, ಬಳಪ, ಜ್ವರ ಬಂದ್ರೆ ಡಾಕ್ಟರ ಫೀಜು, ಎಲ್ಲ ಅಮ್ಮನ ಕೂಲಿ. ನಂಜನಗೂಡಿಗೆ ಬಂದ ಮೇಲೆ ಅಮ್ಮನಿಗೆ ಕೂಲಿಯೂ ಇಲ್ಲ. ಮನೆ ಕೆಲಸ ಅಂತ ಆಗೋಯ್ತು.

ಶಿಷ್ಯ: ನಿಮಗೂ ಕಲಿಯೋ ಆಸೆ ಇತ್ತು ಅಂತ ಅಮ್ಮನವರು ಹೇಳೋರು.

ಮಗಳು: ಇತ್ತು. ಅಂಗಡಿಗೆ ಬರ್ತೀನಿ ಅಂತ ಹಟ ಹಿಡಿದಿದ್ದೆ. ‘ಹೆಣ್ಣುಮಗು ಗ್ರೀಸ್ ಕೈ ಮಾಡ್ಕೋಬಾರದು’ ಅಂತ ಟೀಚರ್ ಟ್ರೇನಿಂಗು, ಟಿ.ಸಿ.ಎಚ್.ಗೆ ಕಳಿಸಿದ್ರು. ಹೆಂಡತಿ ಕೈಗೆ ತಂತಿ ಕೊಟ್ರು, ಅದು ಮನೆಯೊಳಗೆ ಅಂತ. ಮಗಳಿಗೆ ಕೊಡಲಿಲ್ಲ, ಅದು ಬೀದಿ ಅಂತ. ಒಳ್ಳೇ ಮನುಷ್ಯ ನಮ್ಮಪ್ಪ, ಎದುರು ಅಂಗಡಿಯವನ ಥರ ಮೋಸ ಮಾಡಿದೋರಲ್ಲ. ಈ ಒಂದು ಲೆಕ್ಕ ಮಾತ್ರ ಅವರ ಪುಸ್ತಕದಲ್ಲಿ ಇರಲಿಲ್ಲ. ಈಗ ಹೇಳಿದೀನಿ, ಇದನ್ನ ನೀನು ಪೇಪರಿಗೆ ಕೊಡಬೇಡ.

ಶಿಷ್ಯ: ಕೊಡಲ್ಲ. ನವೆಂಬರ್ ಬಂದ್ರೆ ಯಜಮಾನ್ರೂ ನಾನೂ ಜೊತೇಲಿ ಹೋಗ್ತಿದ್ದದ್ದು ನೆನಪಾಗ್ತದೆ, ಪೆನ್ಷನ್ನಿಗೆ ಜೀವಂತ ಇದೀನಿ ಅಂತ ಸರ್ಟಿಫಿಕೇಟ್ ಕೊಡೋಕೆ. ಮೊದಲು ಕಾಗದದ ಮೇಲೆ ಸಹಿ ಆಗಿತ್ತು. ಆಮೇಲೆ ಆಧಾರ್ ಮೆಷಿನ್ ಬಂತಲ್ಲ, ಬೆರಳು ಒತ್ತಿ ಅಂದ್ರೆ ಯಜಮಾನ್ರ ಬೆರಳು ಒಪ್ಪಲ್ಲ. ತಂತಿ ಎಳೆದೆಳೆದು, ವಾರ್ನಿಷ್ ಮೆತ್ತಿ, ಗೆರೆಯೆಲ್ಲ ಸವೆದೋಗಿತ್ತು. ಹತ್ತು ಬೆರಳೂ ಒತ್ತಿಸಿದ್ರು. ‘ಸ್ವಾಮಿ, ಜೀವಂತ ಇದೀನಿ, ಎದುರಿಗೇ ನಿಂತಿದೀನಲ್ಲ’ ಅಂತ ನಕ್ಕೊಂಡು ಬಂದ್ರು.

ಮಗಳು: 2021ರ ಕೊನೇಲಿ ಮುಖ ನೋಡಿ ಗುರುತು ಹಿಡಿಯೋ ಆ್ಯಪ್ ಬಂತು. ನಾನೇ ಮೊಬೈಲಲ್ಲಿ ಮಾಡಿಕೊಟ್ಟೆ. ಈಗ ಅಮ್ಮನ ಬೆರಳಿಗೂ ಅದೇ ಕಥೆ, ಬಿಸಿನೀರಲ್ಲಿ ಬೆಂದ ಬೆರಳು. ಆದ್ರೆ ಬೆರಳಿನದು ದೊಡ್ಡ ಕಷ್ಟ ಅಲ್ಲ. ಹೆಸರಿನದು.

ಶಿಷ್ಯ: ಫ್ಯಾಮಿಲಿ ಪೆನ್ಷನ್ ಬಂತು ಅಂದ್ರಲ್ಲ?

ಮಗಳು: ಬಂತು, ವರ್ಷ ತುಂಬೋಕೆ ಬಂದ ಮೇಲೆ. ಅಪ್ಪನ ಡಿಸ್ಚಾರ್ಜ್ ಬುಕ್ಕಲ್ಲಿ ಅಮ್ಮನ ಹೆಸರು ಮನೇಲಿ ಕರೆಯೋ ಹೆಸರು. ಯಾವ ಕಾಲದಲ್ಲೋ ಯಾರೋ ಕನ್ನಡ ಬರದ ಗುಮಾಸ್ತ ಕೇಳಿದಂಗೆ ಬರ್ಕೊಂಡಿದಾನೆ, ಇಂಗ್ಲಿಷ್ ಸ್ಪೆಲ್ಲಿಂಗೂ ಅವನಿಗೆ ತೋಚಿದ್ದು. ಆಧಾರಲ್ಲಿ ಪೂರ್ತಿ ಹೆಸರು. ಪಾಸ್‌ಬುಕ್ಕಲ್ಲಿ ಇನ್ನೊಂದು. ಅಪ್ಪ ಎಲ್ಲ ಮೋಟ್ರಿನ ಸುತ್ತೂ ಎರಡೆರಡು ಸಲ ಎಣಿಸಿದ್ರು, ಈ ಮೂರು ಕಾಗದ ಪಕ್ಕಪಕ್ಕ ಇಟ್ಟು ಒಂದು ಸಲ ನೋಡಲಿಲ್ಲ. ತಿಥಿ ಮುಗಿಸಿ ಹೋದ್ರೆ, ಒಂದು ಕಡೆ ‘ಇದು ಬೇರೆ ಹೆಂಗಸಿನ ಹೆಸರಲ್ಲವೇನಮ್ಮ?’ ಅಂತ ಅಮ್ಮನ್ನೇ ಕೇಳಿದ್ರು. ಹದಿನೇಳು ವರ್ಷ ಗಂಡನನ್ನ ಸೈನ್ಯಕ್ಕೆ ಕೊಟ್ಟು ಕೂತಿದ್ದವಳಿಗೆ! ಅಮ್ಮ ಅಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಎರಡು ದಿನ ಊಟ ಬಿಟ್ಳು.

ಶಿಷ್ಯ: ಆಮೇಲೆ?

ಮಗಳು: ಆಮೇಲೆ ಅಫಿಡವಿಟ್ಟು, ಎರಡೂ ಹೆಸರು ಒಬ್ಬರದೇ ಅಂತ. ಹಳೇ ಜಂಟಿ ಫೋಟೊ, ಮದುವೆಗೆ ಸಾಕ್ಷಿ, ಆಧಾರು, ಪ್ಯಾನು. ಸಿಕಂದರಾಬಾದಿನ ರೆಕಾರ್ಡ್ಸ್ ಆಫೀಸಿಗೆ ಕಳಿಸಿ, ಅವರು ತಿದ್ದಿ, ಮಿಲ್ಟ್ರಿ ಪೆನ್ಷನ್ನಿನ ‘ಸ್ಪರ್ಶ್’ ಪೋರ್ಟಲ್‌ನಲ್ಲಿ ಏರಿಸಿ... ಅಷ್ಟರಲ್ಲಿ ವರ್ಷ. ನಾನು ಟೀಚರು, ಇಂಗ್ಲಿಷಲ್ಲಿ ಅರ್ಜಿ ಬರೀತೀನಿ, ಮೈಸೂರಿಗೆ ಹೋಗಿ ಬರ್ತೀನಿ. ಯಾರೂ ಇಲ್ಲದ ಮುದುಕಿ ಏನು ಮಾಡ್ತಾಳೆ?

ಶಿಷ್ಯ: ಮೂಗೂರಲ್ಲಿ ನಮ್ಮ ಗಿರಾಕಿ ಒಬ್ಬರವ್ರೆ. ಅವರೂ ಮಿಲ್ಟ್ರಿಯವರೇ, ಯಜಮಾನ್ರಿಗಿಂತ ಹಿರಿಯರು. ಮನೇಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರು. ಸೋಮವಾರ ಅವರ ಮೋಟ್ರು ಕೊಡೋಕೆ ಹೋಗ್ತಿದೀನಿ.

ಮಗಳು: ಹೋದಾಗ ಹೇಳು. ಡಿಸ್ಚಾರ್ಜ್ ಬುಕ್ಕು, ಪೆನ್ಷನ್ ಆರ್ಡರು ಅಂದ್ರೆ ಪಿ.ಪಿ.ಒ., ಎರಡೂ ಪೆಟ್ಟಿಗೆಯಿಂದ ತೆಗೆಸು. ಹೆಂಡತಿ ಹೆಸರು, ಹುಟ್ಟಿದ ತಾರೀಖು ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿಸು. ಇಬ್ಬರೂ ಒಟ್ಟಿಗಿರೋ ಫೋಟೊ ಇಲ್ಲದಿದ್ರೆ ಈಗಲೇ ತೆಗೆಸ್ಕೊಳ್ಳಲಿ. ಬ್ಯಾಂಕ್ ಖಾತೆ ಜಂಟಿ ಇರಲಿ. ಒಂದಕ್ಷರ ತಪ್ಪಿದ್ರೂ ಮೈಸೂರಿನ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ ಕೇಳಲಿ, ಹೇಗೆ ತಿದ್ದಿಸಬೇಕು ಅಂತ ಅವರು ಹೇಳ್ತಾರೆ. ಪೆನ್ಷನ್ ತಗೊಳ್ಳೋರು ತಾವೇ ಬದುಕಿದ್ದು ಸಹಿ ಹಾಕಿದ್ರೆ ಅದು ಒಂದು ಅರ್ಜಿ ಕೆಲಸ. ಅವರು ಹೋದ ಮೇಲೆ ಹೆಂಡತಿಗೆ ಒಂದು ವರ್ಷದ ಅಲೆದಾಟ. ಸೋಮವಾರ ಅಂತ ಕಾಯಬೇಡ, ಇವತ್ತೇ ಫೋನ್ ಮಾಡಿ ಹೇಳು.